ಪತ್ತನಾಜೆಗೆ ಮೊದಲೇ ಮರಗಳತ್ತ ಗಮನವಿರಲಿ

ನಮ್ಮ ತುಳುನಾಡಿನ ಕಡೆ ಮಳೆಗಾಲದ ಸಿದ್ಧತೆಗೆ, ತುಳು ತಿಂಗಳು ಬೇಶದ ಹತ್ತನೆಯ ದಿನವಾದ ಪತ್ತನಾಜೆಯೇ ಗಡುವು. ಮೇ 24 ಅಥವಾ 25ರ ಸುಮಾರಿಗೆ ಬರುವ ಆ ದಿನದೊಳಗೆ ಹಂಚು ಕೈಯಾಡಿಸುವುದು, ಸೌದೆ ಒಳಗಿಡುವುದು ನೆನಪಾಗುವಷ್ಟು ಅಂಗಳದ ಮರಗಳು ನೆನಪಾಗುವುದಿಲ್ಲ. 2021ರಲ್ಲಿ ತೌಕ್ತೆ ಚಂಡಮಾರುತವು ಮೇ ನಡುವಿನಲ್ಲಿಯೇ ಕರಾವಳಿಗೆ ಹಾನಿ ಮಾಡಿದ್ದರಿಂದ, ಮರಗಳ ಕೆಲಸವನ್ನು ಏಪ್ರಿಲ್ ಒಳಗೆ ಮುಗಿಸುವುದು ಲೇಸು.

ಮೊದಲು ನೋಡಬೇಕಾದದ್ದು ತುದಿಯನ್ನಲ್ಲ, ಬುಡವನ್ನು. ಮಂಗಳೂರು, ಉಡುಪಿಯ ಎತ್ತರದ ಜಾಗಗಳಲ್ಲಿ ಮಣ್ಣಿನ ಕೆಳಗೆ ಬೇಗನೆ ಮುರಕಲ್ಲು (ಜಂಬಿಟ್ಟಿಗೆ) ಸಿಗುವುದರಿಂದ ಬೇರುಗಳು ಆಳಕ್ಕಿಳಿಯದೆ ಅಗಲಕ್ಕೆ ಹರಡುತ್ತವೆ. ಅಂಥ ಬೇರನ್ನು ಆವರಣ ಗೋಡೆಗೋ ಪೈಪಿಗೋ ಜೇಸಿಬಿಯಿಂದ ಒಂದು ಬದಿಯಲ್ಲಿ ಕಡಿಸಿ, ಉಳಿದದ್ದರ ಮೇಲೆ ಬುಡದವರೆಗೂ ಇಂಟರ್‌ಲಾಕ್ ಹಾಸಿದರೆ, ಮಣ್ಣು ನೀರು ಕುಡಿದು ಮೆತ್ತಗಾದ ದಿನ ಮರ ಬೇರುಸಹಿತ ಮಗುಚುತ್ತದೆ. ಮನೆ ಕಟ್ಟಿಸುವಾಗ ಮರ ಉಳಿಸಿಕೊಂಡೆವೆಂದು ಹೇಳಿಕೊಳ್ಳುವವರಲ್ಲಿ ಹಲವರು ಉಳಿಸಿಕೊಂಡದ್ದು ಕಾಂಡವನ್ನು ಮಾತ್ರ. ಬುಡದಲ್ಲಿ ಅಣಬೆ ಎದ್ದಿದ್ದರೆ, ಮರ ವಾಲಿದ ದಿಕ್ಕಿನ ಎದುರು ಬದಿಯಲ್ಲಿ ನೆಲ ಬಿರುಕು ಬಿಟ್ಟಿದ್ದರೆ, ತಿಳಿದವರನ್ನು ಕರೆಸಿ ತೋರಿಸಬೇಕು.

ಗಾಳಿಗೆ ಹೆದರಿ ಮರದ ತಲೆಯನ್ನೇ ಬೋಳಿಸುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಹಾಗೆ ಕಡಿದ ಕಡೆ ನೀರಿಳಿದು ಕೊಳೆಯುತ್ತದೆ. ಅದರ ಸುತ್ತ ಗುಂಪಾಗಿ ಚಿಗುರುವ ಗೆಲ್ಲುಗಳಿಗೆ ಒಳಗಿನ ಹಿಡಿತವಿಲ್ಲದೆ, ಕೆಲವು ವರ್ಷಗಳಲ್ಲಿ ಅವೇ ಮೊದಲು ಮುರಿಯುತ್ತವೆ. ಒಣಗಿದ, ಒಂದಕ್ಕೊಂದು ಉಜ್ಜುವ, ಇಕ್ಕಟ್ಟಾದ ಕವಲಿನಿಂದ ಹೊರಟ ಗೆಲ್ಲುಗಳನ್ನಷ್ಟೇ ಆರಿಸಿ ತೆಗೆದು ಗಾಳಿಗೆ ದಾರಿ ಮಾಡಿಕೊಟ್ಟರೆ ಸಾಕು; ಒಂದು ಸಲಕ್ಕೆ ಹಸಿರಿನ ಕಾಲು ಭಾಗವನ್ನು ಮೀರಬಾರದು. ದಪ್ಪ ಗೆಲ್ಲಾದರೆ ಕಾಂಡದಿಂದ ಒಂದಡಿ ದೂರದಲ್ಲಿ ಮೊದಲು ಅಡಿಯಿಂದ ಅರ್ಧದೊಳಗೆ ಗರಗಸ ಹಾಕಿ, ಅದಕ್ಕಿಂತ ತುಸು ಹೊರಗೆ ಮೇಲಿನಿಂದ ಕೊಯ್ದು ಭಾರ ಇಳಿಸಿ, ಉಳಿದ ಮೋಟನ್ನು ಗೆಲ್ಲಿನ ಬುಡದ ಉಬ್ಬಿಗೆ ತಾಗದಂತೆ ತೆಗೆಯಬೇಕು. ಇಲ್ಲದಿದ್ದರೆ ಬೀಳುವ ಗೆಲ್ಲು ಕಾಂಡದ ತೊಗಟೆಯನ್ನು ಸಿಗಿದುಕೊಂಡೇ ಹೋಗುತ್ತದೆ. ಗಾಯಕ್ಕೆ ಬಣ್ಣ ಅಥವಾ ಡಾಂಬರು ಬಳಿಯುವ ಅಗತ್ಯವಿಲ್ಲ. ತೆಂಗಿನ ಮರದಲ್ಲಿ ಬಲಿತ ಕಾಯಿ, ಒಣ ಮಡಲು ಇಳಿಸಿದರೆ ಆಯಿತು. ಹಸಿ ಮಡಲಿಗೆ ಕೈ ಹಚ್ಚಬಾರದು.

ವಿದ್ಯುತ್ ತಂತಿಯ ಹತ್ತಿರದ ಗೆಲ್ಲನ್ನು ಇಲ್ಲಿನ ವಿದ್ಯುತ್ ಸರಬರಾಜು ಕಂಪನಿಯಾದ ಮೆಸ್ಕಾಂಗೆ ತಿಳಿಸದೆ ಮುಟ್ಟುವುದು ಬೇಡ. ಮರವನ್ನೇ ಕಡಿಯುವುದಾದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ, ವಿನಾಯಿತಿ ಇರುವ ಜಾತಿಗಳನ್ನು ಬಿಟ್ಟು, ಅನುಮತಿ ಪಡೆಯಬೇಕಾಗುತ್ತದೆ.

ಹೊಸ ಗಿಡಕ್ಕೆ ಊರುಗೋಲು ಕೊಡುವಾಗ ಹಳೆಯ ಸೈಕಲ್ ಟ್ಯೂಬಿನಿಂದ, ಕಾಂಡ ತುಸು ಓಲಾಡುವಷ್ಟು ಸಡಿಲವಾಗಿ ಕಟ್ಟಬೇಕು. ಹಾಗೆ ಓಲಾಡಿದರೇನೇ ಕಾಂಡವೂ ಬೇರೂ ಗಟ್ಟಿಯಾಗುತ್ತವೆ. ವರ್ಷದ ಬಳಿಕ ಆ ಕಟ್ಟನ್ನು ಬಿಚ್ಚದೆ ಬಿಟ್ಟರೆ ಅದು ತೊಗಟೆಯೊಳಗೆ ಹೂತುಹೋಗಿ, ಮುಂದೊಂದು ಗಾಳಿಗೆ ಮರ ಅದೇ ಜಾಗದಲ್ಲಿ ಮುರಿಯುತ್ತದೆ.