ಪೆನ್ಸಿಲ್ ಗೆರೆ ಅಳಿಸುವಷ್ಟರಲ್ಲಿ ಕಾರ್ಬನ್ ಲೆಕ್ಕ: ನನ್ನ ಅನುಭವ

ನಾನು ನಗರ ಯೋಜನೆ ಕೆಲಸದವನು. ರಸ್ತೆ ಅಗಲ, ಸೈಟಿನ ಅಳತೆ, ನೀರು, ಒಳಚರಂಡಿ, ಇವಿಷ್ಟೇ ನನ್ನ ಲೆಕ್ಕ ಆಗಿತ್ತು. ಕಾರ್ಬನ್ ಲೆಕ್ಕವನ್ನೂ, ಅಂದರೆ ಯೋಜನೆಯಿಂದ ಭೂಮಿಯ ಬಿಸಿ ಏರಿಸುವ ಅನಿಲ ಎಷ್ಟು ಹೊರಡುತ್ತೆ ಅನ್ನೋದನ್ನೂ ಸೇರಿಸಿ ಅಂದಾಗ ವರದಿಯ ಕೊನೆಗೆ ಅಂಟಿಸುವ ಇನ್ನೊಂದು ಅಧ್ಯಾಯ ಅಂದುಕೊಂಡೆ. ನಕ್ಷೆ ಮುಗಿಸಿ ಆಮೇಲೆ ನಿಧಾನವಾಗಿ ಹಾಕಿದರಾಯ್ತು ಅಲ್ವಾ? ಅಲ್ಲೇ ಎಡವಿದ್ದು.

ಕೆಲಸ ಇದ್ದದ್ದು 5,000 ಮನೆಗಳ ಯೋಜನೆ. ಎರಡು ದಾರಿ ಇದ್ದವು. ಊರಾಚೆ ಖಾಲಿ ಜಾಗದಲ್ಲಿ ಹೊಸ ಬಡಾವಣೆ, ಇಲ್ಲವೇ ಊರೊಳಗೇ ಹಳೇ ಗೋದಾಮುಗಳಿದ್ದ ಜಾಗದಲ್ಲಿ ಒತ್ತೊತ್ತಾಗಿ ಅಪಾರ್ಟ್‌ಮೆಂಟ್.

ಶುರುವಿಗೆ ಹಿಡಿದದ್ದು ಜಿಪಿಸಿ. ಇಡೀ ಊರಿನ ಹೊಗೆಯ ಲೆಕ್ಕ ಹಾಕೋಕೆ ಡಬ್ಲ್ಯೂಆರ್‌ಐ ಅನ್ನೋ ಸಂಶೋಧನಾ ಸಂಸ್ಥೆ, ಸಿ40, ಇಕ್ಲೀ ಅನ್ನೋ ನಗರಗಳ ಒಕ್ಕೂಟಗಳು ಸೇರಿ 2014ರಲ್ಲಿ ತಂದ ಪದ್ಧತಿ ಇದು. ಊರಿನ ಗಡಿಯೊಳಗೇ ಹೊರಟ ಹೊಗೆ ಸ್ಕೋಪ್ 1, ಗ್ರಿಡ್‌ನಿಂದ ಬಂದ ಕರೆಂಟು ಸ್ಕೋಪ್ 2, ಊರಿನ ಕಾರಣಕ್ಕೆ ಗಡಿಯಾಚೆ ಆಗಿದ್ದು ಸ್ಕೋಪ್ 3. ಪ್ರತಿ ಸಾಲಿನಲ್ಲೂ ಸೂತ್ರ ಹೆಚ್ಚುಕಮ್ಮಿ ಒಂದೇ, ಎಷ್ಟು ಉರಿಸಿದಿರಿ ಅನ್ನೋದನ್ನು ಎಮಿಷನ್ ಫ್ಯಾಕ್ಟರ್‌ನಿಂದ, ಅಂದರೆ ಒಂದು ಲೀಟರಿಗೆ ಅಥವಾ ಒಂದು ಯೂನಿಟ್ ಕರೆಂಟಿಗೆ ಎಷ್ಟು ಹೊಗೆ ಅನ್ನೋ ಅಂಕಿಯಿಂದ ಗುಣಿಸೋದು. ಎರಡು ತಿಂಗಳು ಕೂತು ಊರಿನ ಲೆಕ್ಕ ಮುಗಿಸಿದೆ. ಮುಗಿದ ಮೇಲೆ ಗೊತ್ತಾಯ್ತು, ಅದು ಹೋದ ವರ್ಷ ಏನಾಯ್ತು ಅಂತ ಹೇಳುತ್ತೆ, ನನ್ನ ಎರಡು ಜಾಗಗಳಲ್ಲಿ ಯಾವುದು ವಾಸಿ ಅಂತ ಹೇಳಲ್ಲ.

ಹಾಗಾಗಿ ಪ್ರಶ್ನೆ ಚಿಕ್ಕದು ಮಾಡಿಕೊಂಡೆ. ಎರಡೂ ಜಾಗಕ್ಕೆ ಅಷ್ಟೇ ಮನೆ, ಅಷ್ಟೇ ಜನ, ಅಷ್ಟೇ ವರ್ಷ. ವ್ಯತ್ಯಾಸ ಎಲ್ಲಿ ಬರುತ್ತೋ ಅದನ್ನು ಮಾತ್ರ ಅಳೆಯೋದು.

ಮೊದಲ ವ್ಯತ್ಯಾಸ ಓಡಾಟ. ಪೆಟ್ರೋಲ್ ಬಂಕುಗಳ ಮಾರಾಟದ ಅಂಕಿ ತಗೊಂಡು ಮನೆಗಳಿಗೆ ಹಂಚಿದೆ. ಸುಲಭ, ಆದರೆ ತಪ್ಪು. ಹೆದ್ದಾರಿ ಪಕ್ಕದ ಬಂಕುಗಳಲ್ಲಿ ಟ್ಯಾಂಕ್ ತುಂಬಿಸಿಕೊಂಡು ಹೋಗುವ ಲಾರಿಗಳೆಲ್ಲ ನಮ್ಮೂರಿನವರ ತಲೆ ಮೇಲೆ ಬಂದು ಕೂತಿದ್ದವು. ಕೊನೆಗೆ ನಾವು ಮೂವರು ಬೆಳಿಗ್ಗೆ ಆರರಿಂದ ಸಂಜೆವರೆಗೆ ಕ್ರಾಸ್‌ನಲ್ಲಿ ನಿಂತು ಬೈಕು, ಕಾರು, ಬಸ್ಸು ಎಣಿಸಿದೆವು. ಆಮೇಲೆ ನಮ್ಮ ಎರಡು ಜಾಗಗಳಷ್ಟೇ ದೂರದಲ್ಲಿ ಆಗಲೇ ವಾಸ ಇರುವವರ ಮನೆಗಳಿಗೆ ಹೋಗಿ, ಎಲ್ಲಿಗೆ ಹೋಗ್ತೀರಿ, ಯಾವುದರಲ್ಲಿ ಹೋಗ್ತೀರಿ ಅಂತ ಕೇಳಿದೆವು.

ಲೆಕ್ಕ ಹೀಗಿತ್ತು. ಊರಾಚೆಯವರಿಗೆ ಕೆಲಸಕ್ಕೆ ಹೋಗೋಕೆ 6 ಕಿಲೋಮೀಟರ್ ಜಾಸ್ತಿ, ವಾಪಸ್ ಸೇರಿ 12. ವರ್ಷಕ್ಕೆ 300 ದಿನ ಅಂದರೆ 3,600 ಕಿಲೋಮೀಟರ್. ಲೀಟರಿಗೆ 15 ಕಿಲೋಮೀಟರ್ ಕೊಡುವ ಕಾರಾದರೆ 240 ಲೀಟರ್. ಒಂದು ಲೀಟರ್ ಪೆಟ್ರೋಲಿಗೆ ಸುಮಾರು 2.3 ಕೆಜಿ ಕಾರ್ಬನ್ ಡೈಆಕ್ಸೈಡ್ ಹಿಡಿದರೆ ಒಂದು ಮನೆಗೆ 552 ಕೆಜಿ. ಅರ್ಧ ಮನೆಗಳವರು ಮಾತ್ರ ಕಾರಲ್ಲಿ ಹೋಗ್ತಾರೆ ಅಂದುಕೊಂಡರೂ ವರ್ಷಕ್ಕೆ 1,380 ಟನ್, ಪ್ರತಿ ವರ್ಷ.

ಮೀಟಿಂಗ್‌ನಲ್ಲಿ ಹಿರಿಯರೊಬ್ಬರು ತಡೆದರು: "ಒಂದು ಲೀಟರ್ ಪೆಟ್ರೋಲು ಮುಕ್ಕಾಲು ಕೆಜಿನೂ ತೂಗಲ್ಲ, ಅದರಿಂದ 2.3 ಕೆಜಿ ಹೊಗೆ ಹೇಗ್ರೀ ಬರುತ್ತೆ?" ಒಳ್ಳೇ ಪ್ರಶ್ನೆ. ಉರಿಯುವಾಗ ಪೆಟ್ರೋಲಿನ ಕಾರ್ಬನ್ ಗಾಳಿಯ ಆಮ್ಲಜನಕವನ್ನು ಜೊತೆಗೆ ಸೇರಿಸಿಕೊಳ್ಳುತ್ತೆ, 12 ಗ್ರಾಂ ಕಾರ್ಬನ್ 44 ಗ್ರಾಂ ಕಾರ್ಬನ್ ಡೈಆಕ್ಸೈಡ್ ಆಗುತ್ತೆ. ಅವರಿಗೆ ಇದನ್ನು ಜೋರಾಗಿ ವಿವರಿಸ್ತಾ ಇದ್ದಾಗಲೇ ನನಗೆ ಹೊಟ್ಟೆಯಲ್ಲಿ ಕಸಿವಿಸಿ. ಡೀಸೆಲ್ ಸಾಲಿನಲ್ಲಿ ನಾನು ಹಾಕಿದ್ದ ಫ್ಯಾಕ್ಟರ್ ಬರೀ ಕಾರ್ಬನ್‌ದು! ನಿಜವಾದ ಹೊಗೆ ಅದರ ಮೂರೂವರೆ ಪಟ್ಟಿಗಿಂತ ಜಾಸ್ತಿ ಇತ್ತು. ಬಸ್ಸುಗಳ ಹೊಗೆ ಇಷ್ಟು ಕಮ್ಮಿನಾ ಅಂತ ಎರಡು ದಿನ ಸುಮ್ನೆ ಖುಷಿಪಟ್ಟಿದ್ದೆ. ಅವತ್ತಿಂದ ಪ್ರತಿ ಫ್ಯಾಕ್ಟರ್ ಪಕ್ಕ ಅದರ ಯೂನಿಟ್ ಬರೆಯದೆ ಶೀಟ್ ಮುಚ್ಚಲ್ಲ. ಮೀಥೇನ್‌ಗೂ ಅಷ್ಟೇ, ಅದು ಕಾರ್ಬನ್ ಡೈಆಕ್ಸೈಡ್‌ಗಿಂತ ಎಷ್ಟು ಪಟ್ಟು ಬಿಸಿ ಏರಿಸುತ್ತೆ ಅನ್ನೋದಕ್ಕೆ ಹಳೇ ಶೀಟಿನಲ್ಲಿ 25 ಇತ್ತು, ಹೊಸದರಲ್ಲಿ 28, ಎರಡನ್ನೂ ಒಂದೇ ಲೆಕ್ಕದಲ್ಲಿ ಬೆರೆಸಿ ಕೂತಿದ್ದೆವು.

ಇಷ್ಟು ಹೊತ್ತಿಗೆ ಊರೊಳಗಿನ ಜಾಗವೇ ಗೆದ್ದಿತು ಅಂತ ಮನಸ್ಸಲ್ಲೇ ತೀರ್ಮಾನ ಮಾಡಿಬಿಟ್ಟಿದ್ದೆ. ಕಟ್ಟಡದ ಲೆಕ್ಕ ಹಾಕಿದಾಗ ಅದು ಉಲ್ಟಾ ಹೊಡೆಯಿತು. ಎತ್ತರದ ಕಟ್ಟಡಕ್ಕೆ ಮನೆಗೆ ಬೀಳುವ ಕಾಂಕ್ರೀಟು, ಕಬ್ಬಿಣ ಎರಡೂ ಜಾಸ್ತಿ. ಸಿಮೆಂಟಿನ ಕಷ್ಟ ಬರೀ ಕುಲುಮೆಯ ಉರುವಲಿಂದಲ್ಲ. ಸುಣ್ಣದ ಕಲ್ಲು ಕಾದಾಗ ಕಲ್ಲಿನಿಂದಲೇ ಕಾರ್ಬನ್ ಡೈಆಕ್ಸೈಡ್ ಹೊರಡುತ್ತೆ, ಒಂದು ಟನ್ ಕ್ಲಿಂಕರಿಗೆ (ಪುಡಿ ಮಾಡಿ ಸಿಮೆಂಟ್ ಮಾಡುವ ಸುಟ್ಟ ಉಂಡೆ) ಅದೊಂದೇ ಅರ್ಧ ಟನ್‌ಗಿಂತ ಸ್ವಲ್ಪ ಜಾಸ್ತಿ. ಇದೆಲ್ಲ ಮೊದಲ ಸಂಸಾರ ಮನೆಗೆ ಬಂದು ಹಾಲು ಉಕ್ಕಿಸುವ ಮೊದಲೇ ಗಾಳಿಗೆ ಸೇರಿ ಆಗಿರುತ್ತೆ. ಊರಾಚೆಯದಕ್ಕೆ ಹೊಸ ರಸ್ತೆ, ಪೈಪು ಸೇರಿಸಿದರೂ ಕಟ್ಟುವ ಹಂತದಲ್ಲಿ ಅದರ ಹೊಗೆಯೇ ಕಮ್ಮಿ ಇತ್ತು.

ಊರೊಳಗಿನ ನಕ್ಷೆಯಲ್ಲಿ ಇಷ್ಟೊಂದು ಕಾಂಕ್ರೀಟು ಎಲ್ಲಿಂದ ಅಂತ ಸಾಲು ಸಾಲಾಗಿ ನೋಡಿದೆ. ನೆಲದಡಿಯ ಎರಡು ಅಂತಸ್ತಿನ ಪಾರ್ಕಿಂಗ್! ಬಸ್ಸು ಹತ್ತಿರ ಇದೆ ಅಂತಲೇ ಆ ಜಾಗ ಆರಿಸಿದ್ದು, ಅದರ ಕೆಳಗೆ ಪ್ರತಿ ಮನೆಗೂ ಕಾರಿನ ಜಾಗ ಅಗೆದಿದ್ದೆವು. ನಾನೇ ಎಳೆದ ಗೆರೆ ಅದು. ನಕ್ಷೆ ಇನ್ನೂ ಪೆನ್ಸಿಲಲ್ಲೇ ಇದ್ದದ್ದಕ್ಕೆ ಒಂದು ಅಂತಸ್ತು ತೆಗೆದುಹಾಕಿ ಮತ್ತೆ ಲೆಕ್ಕ ಹಾಕಿದೆ. ಕಟ್ಟುವಾಗಿನ ಹೆಚ್ಚುವರಿಯನ್ನು ಓಡಾಟದ ಉಳಿತಾಯ ಕೆಲವೇ ವರ್ಷಗಳಲ್ಲಿ ತೀರಿಸುವ ಮಟ್ಟಕ್ಕೆ ಬಂತು. ಟೆಂಡರ್ ಆದ ಮೇಲೆ ಇದೇ ಶೀಟ್ ಮಾಡಿದ್ದರೆ ಯಾರು ಕೇಳ್ತಿದ್ದರು?

ಕರೆಂಟಿನ ಸಾಲನ್ನು ಮಾತ್ರ ಎರಡು ಸಲ ಮಾಡಿದೆ. ಇವತ್ತಿನ ಗ್ರಿಡ್ ಫ್ಯಾಕ್ಟರನ್ನೇ 30 ವರ್ಷಕ್ಕೂ ಹಿಡಿದರೆ ಲಿಫ್ಟು, ಪಂಪು ಎಲ್ಲ ದೊಡ್ಡದಾಗಿ ಕಾಣುತ್ತೆ. ಸೋಲಾರ್, ಗಾಳಿ ಜಾಸ್ತಿ ಆದಂತೆ ಫ್ಯಾಕ್ಟರ್ ಇಳಿಯುತ್ತೆ, ಹಾಕಿದ ಕಾಂಕ್ರೀಟು ಇಳಿಯಲ್ಲ. ಎರಡೂ ಉತ್ತರ ಅಕ್ಕಪಕ್ಕ ಇಟ್ಟು ಕೊಟ್ಟೆ.

ಹಳೇ ಗೋದಾಮು ಕೆಡವಿದ ಮಣ್ಣು, ಕಲ್ಲು ಎಷ್ಟು ದೂರ ಹೋಗುತ್ತೆ ಅನ್ನೋದಕ್ಕೆ ನಮ್ಮ ಹತ್ತಿರ ಅಂಕಿ ಇರಲಿಲ್ಲ. ಆ ಕೋಶದಲ್ಲಿ ಸೊನ್ನೆ ಹಾಕಿಬಿಡಿ, ಖಾಲಿ ಕಂಡರೆ ಚೆನ್ನಾಗಿರಲ್ಲ ಅಂತ ಕೆಲವರು ಅಂದರು. ಸೊನ್ನೆ ಅಂದರೆ ಹೊಗೆಯೇ ಇಲ್ಲ ಅಂತ. ಜಿಪಿಸಿಯಲ್ಲಿ ಇದಕ್ಕೆ ಅಂತಲೇ 'ಎನ್‌ಇ' ಅನ್ನೋ ಗುರುತು ಇದೆ, ಅಂದಾಜಿಸಿಲ್ಲ ಅಂತ ಅರ್ಥ. ಅದನ್ನೇ ಹಾಕಿ, ಹಳದಿ ಬಣ್ಣ ಬಳಿದು ಕಳಿಸಿದೆ. ಕೆಡವೋಕೆ ಶುರು ಮಾಡಿದ ದಿನದಿಂದ ಲಾರಿ ಟ್ರಿಪ್ಪು ಬರೆದಿಡೋಕೆ ಗೇಟಿನಲ್ಲಿ ಒಂದು ಪುಸ್ತಕ ಇಡಿಸಿದ್ದೀನಿ.