ಆರು ಜನ, ನಾಲ್ಕು ಸೂಟ್‌ಕೇಸ್: ನ್ಯೂಜಿಲೆಂಡ್ ಪ್ರವಾಸಕ್ಕೆ ಬಾಡಿಗೆ ಕಾರು ಆರಿಸಿದ ನನ್ನ ಅನುಭವ

ಮೊದಲು ನಾನು ಬುಕ್ ಮಾಡಿದ್ದು ಏಳು ಸೀಟಿನ ಎಸ್‌ಯುವಿ. ನಾವು ಆರು ಜನ, ಸೀಟು ಏಳು, ಒಂದು ಉಳಿದೇ ಉಳಿಯುತ್ತದೆ, ಇನ್ನೇನು ಬೇಕು ಅಂದುಕೊಂಡಿದ್ದೆ. ಎರಡು ವಾರ ಬಿಟ್ಟು ಅದನ್ನು ರದ್ದು ಮಾಡಿ ಎಂಟು ಸೀಟಿನ ವ್ಯಾನ್ ತೆಗೆದುಕೊಂಡೆ. ಯಾಕೆ ಅಂತ ಹೇಳುತ್ತೇನೆ.

ಪ್ರವಾಸ ನ್ಯೂಜಿಲೆಂಡ್‌ನ ದಕ್ಷಿಣ ದ್ವೀಪಕ್ಕೆ, ಫೆಬ್ರವರಿಯಲ್ಲಿ. ಅಲ್ಲಿಗೆ ಅದು ಬೇಸಿಗೆ. ಕ್ರೈಸ್ಟ್‌ಚರ್ಚ್‌ನಲ್ಲಿ ಗಾಡಿ ತೆಗೆದುಕೊಂಡು ಟೆಕಾಪೊ, ಮೌಂಟ್ ಕುಕ್, ಕ್ವೀನ್ಸ್‌ಟೌನ್, ಟೆ ಆನೌ, ಮಿಲ್ಫರ್ಡ್ ಸೌಂಡ್, ವಾನಕಾ, ಫ್ರಾಂಜ್ ಜೋಸೆಫ್ ನೋಡಿಕೊಂಡು, ಆರ್ಥರ್ಸ್ ಪಾಸ್ ದಾಟಿ ಮತ್ತೆ ಕ್ರೈಸ್ಟ್‌ಚರ್ಚ್‌ಗೆ ಬರುವುದು. ಹನ್ನೊಂದು ದಿನ, ಸುಮಾರು 2,000 ಕಿ.ಮೀ. ಗಾಡಿಯಲ್ಲಿ ನಾನು, ಹೆಂಡತಿ, ಅಪ್ಪ, ಅಮ್ಮ, ಒಂಬತ್ತು ವರ್ಷದ ಮಗಳು, ಐದು ವರ್ಷದ ಮಗ. ಅಮ್ಮನಿಗೆ ಮಂಡಿ ನೋವು. ಎಲ್ಲಕ್ಕಿಂತ ಹೆಚ್ಚಾಗಿ ಗಾಡಿ ಯಾವುದು ಅಂತ ತೀರ್ಮಾನ ಮಾಡಿದ್ದು ಆ ಮಂಡಿ ಮತ್ತು ನಮ್ಮ ಸೂಟ್‌ಕೇಸ್‌ಗಳು.

ಸೂಟ್‌ಕೇಸ್ ವಿಷಯ ಮೊದಲು ಎತ್ತಿದ್ದು ಹೆಂಡತಿ. "ರೀ, ಏಳು ಜನ ಕೂತರೆ ಸಾಮಾನು ಎಲ್ಲಿಡ್ತಾರೆ?" ಅಂದಳು. ನಾನು ಅದನ್ನು ಯೋಚನೆಯೇ ಮಾಡಿರಲಿಲ್ಲ. ಬುಕಿಂಗ್ ಪುಟದಲ್ಲಿ ಏಳು ಜನರ ಚಿತ್ರ, ಪಕ್ಕದಲ್ಲಿ ನಾಲ್ಕು ಬ್ಯಾಗಿನ ಚಿತ್ರ ಇತ್ತು, ಎರಡೂ ಒಟ್ಟಿಗೆ ಆಗುತ್ತದೆ ಅಂತ ನಂಬಿಬಿಟ್ಟಿದ್ದೆ. ಆ ಬ್ಯಾಗು ದೊಡ್ಡದೋ ಚಿಕ್ಕದೋ, ಮೂರನೇ ಸಾಲಿನ ಸೀಟು ಎತ್ತಿಟ್ಟಾಗಲೋ ಮಡಚಿದಾಗಲೋ, ಯಾವುದನ್ನೂ ಅಲ್ಲಿ ಬರೆದಿರಲಿಲ್ಲ.

ಆವತ್ತು ರಾತ್ರಿ ಟೇಪು ತಂದು ಅಳೆದೆವು. ನಮ್ಮ ದೊಡ್ಡ ಸೂಟ್‌ಕೇಸ್ ಒಂದೊಂದೂ 75 ಸೆಂ.ಮೀ. ಎತ್ತರ, 50 ಅಗಲ, 30 ದಪ್ಪ. ಗುಣಿಸಿದರೆ ಒಂದಕ್ಕೆ 112 ಲೀಟರ್ ಚಿಲ್ಲರೆ. ನಾಲ್ಕಕ್ಕೆ 450 ಲೀಟರ್. ಅದರ ಮೇಲೆ ಎರಡು ಕೈಚೀಲ, ಜಾಕೆಟ್‌ಗಳು, ಮಗನ ಆಟದ ಸಾಮಾನು. ಈಗ ಗಾಡಿಗಳ ಲೆಕ್ಕ ನೋಡಿ. ಟೊಯೊಟಾ ಹೈಲ್ಯಾಂಡರ್‌ನಂಥ ಏಳು ಸೀಟಿನ ಎಸ್‌ಯುವಿಯಲ್ಲಿ ಮೂರೂ ಸಾಲು ಎತ್ತಿಟ್ಟರೆ ಡಿಕ್ಕಿಯಲ್ಲಿ ಉಳಿಯುವುದು 241 ಲೀಟರ್. ಅದಕ್ಕಿಂತ ಚಿಕ್ಕದಾದ, ಐದೇ ಸೀಟಿನ ಆರ್‌ಎವಿ4ಗೆ 580 ಲೀಟರ್ ಡಿಕ್ಕಿ. ಅಂದರೆ ದೊಡ್ಡ ಗಾಡಿಗೆ ಚಿಕ್ಕ ಗಾಡಿಯ ಅರ್ಧದಷ್ಟೂ ಡಿಕ್ಕಿ ಇಲ್ಲ! ಮೂರನೇ ಸಾಲು ಬಂದು ಡಿಕ್ಕಿಯ ಜಾಗದಲ್ಲೇ ಕೂತಿರುತ್ತದೆ, ಅಷ್ಟೇ. ಕಿಯಾ ಕಾರ್ನಿವಲ್ ಥರದ ವ್ಯಾನ್‌ನಲ್ಲಿ ಮಾತ್ರ ಎಲ್ಲ ಸೀಟೂ ಎತ್ತಿಟ್ಟ ಮೇಲೆ 627 ಲೀಟರ್ ಉಳಿಯುತ್ತದೆ, ಯಾಕಂದ್ರೆ ಅದರ ಹಿಂಭಾಗದ ನೆಲ ತಗ್ಗಾಗಿರುತ್ತದೆ, ಸೂಟ್‌ಕೇಸನ್ನು ನಿಲ್ಲಿಸಿ ಇಡಬಹುದು.

ಲೀಟರ್ ಲೆಕ್ಕವನ್ನೂ ಪೂರ್ತಿ ನಂಬಬೇಡಿ. ಗಟ್ಟಿ ಚಿಪ್ಪಿನ ಸೂಟ್‌ಕೇಸ್ ನೀರಿನ ಹಾಗೆ ಮೂಲೆಮೂಲೆಗೆ ಹರಿಯುವುದಿಲ್ಲ. ಹೊರಡುವ ಮುಂಚೆ ನಾವು ಎರಡು ಗಟ್ಟಿ ಸೂಟ್‌ಕೇಸ್ ಬಿಟ್ಟು ಅದರ ಬದಲು ಮೆತ್ತನೆಯ ಬಟ್ಟೆಯ ಬ್ಯಾಗು ತೆಗೆದುಕೊಂಡೆವು. ಅದರಿಂದ ತುಂಬಾ ಅನುಕೂಲವಾಯಿತು.

ಅಮ್ಮನ ಮಂಡಿ ವಿಷಯಕ್ಕೆ ಬರುತ್ತೇನೆ. ಪರಿಚಯದವರೊಬ್ಬರ ಹತ್ತಿರ ಏಳು ಸೀಟಿನ ಎಸ್‌ಯುವಿ ಇತ್ತು. ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಿ ಕೂರಿಸಿ ನೋಡಿದೆ. ಅಮ್ಮ ಬಾಗಿಲ ಹಿಡಿ ಹಿಡಿದುಕೊಂಡು ಒಂದು ಕಾಲು ಎತ್ತಿಟ್ಟಳು, ಇನ್ನೊಂದನ್ನು ಎತ್ತಲು ಎರಡು ಸಲ ಪ್ರಯತ್ನಿಸಿದಳು, ಆಮೇಲೆ ಅಪ್ಪ ಹಿಂದಿನಿಂದ ಸೊಂಟಕ್ಕೆ ಕೈ ಕೊಟ್ಟರು. ಮಧ್ಯದ ಸಾಲಿಗೇ ಇಷ್ಟು ಕಷ್ಟ. ಮೂರನೇ ಸಾಲಿಗೆ ನಾನೇ ಹೋಗಿ ಕೂತೆ, ಮಂಡಿ ಎದೆ ಹತ್ತಿರ ಬಂತು. ದಿನಕ್ಕೆ ನಾಲ್ಕೈದು ಗಂಟೆ ಹೀಗೆ ಕೂರೋಕೆ ಆಗುತ್ತಾ? ಮಕ್ಕಳು ಕೂರಬಹುದು, ಆದರೆ ಅಲ್ಲಿ ಇನ್ನೊಂದು ತೊಡಕಿದೆ.

ಅದು ಮಕ್ಕಳ ಸೀಟು. ನ್ಯೂಜಿಲೆಂಡ್‌ನಲ್ಲಿ ಏಳು ವರ್ಷ ತುಂಬುವ ತನಕ ಮಗುವನ್ನು ಅನುಮೋದಿತ ಮಕ್ಕಳ ಸೀಟಿನಲ್ಲೇ ಕೂರಿಸಬೇಕು, ಕಾನೂನು. ಅದರ ಮೇಲೆ, ಮಗು 148 ಸೆಂ.ಮೀ. ಎತ್ತರ ಆಗುವ ತನಕ ಬೂಸ್ಟರ್ (ಬೆಲ್ಟ್ ಸರಿಯಾಗಿ ಕೂರುವಂತೆ ಮಗುವನ್ನು ಎತ್ತರಿಸುವ ಸೀಟು) ಬಳಸಿ ಅಂತ ಸಲಹೆಯೂ ಇದೆ, ಹಾಗಾಗಿ ಮಗಳಿಗೂ ಒಂದು ಬೂಸ್ಟರ್ ಹೇಳಿದೆ. ಎಷ್ಟೋ ಏಳು ಸೀಟಿನ ಗಾಡಿಗಳಲ್ಲಿ ಮಕ್ಕಳ ಸೀಟು ಸಿಕ್ಕಿಸುವ ಐಸೋಫಿಕ್ಸ್ ಕೊಂಡಿ ಇರುವುದು ಮಧ್ಯದ ಸಾಲಿನಲ್ಲಿ ಮಾತ್ರ. ಅಲ್ಲಿ ಮಕ್ಕಳ ಸೀಟು ಕಟ್ಟಿಬಿಟ್ಟರೆ ಆ ಸೀಟನ್ನು ಮುಂದಕ್ಕೆ ಬಾಗಿಸಲು ಆಗುವುದಿಲ್ಲ, ಮೂರನೇ ಸಾಲಿಗೆ ಆ ಕಡೆಯ ದಾರಿ ಬಂದ್. ಮಕ್ಕಳು ಮಧ್ಯದಲ್ಲಿ ಕೂತರೆ ಹಿಂದೆ ಹೋಗಬೇಕಾದವರು ಅಪ್ಪ ಅಮ್ಮ, ಅಲ್ವಾ? ಎಸ್‌ಯುವಿ ಬೇಡ ಅಂತ ನಾನು ತೀರ್ಮಾನಿಸಿದ್ದು ಇಲ್ಲಿಯೇ. ವ್ಯಾನ್‌ನಲ್ಲಿ ಜಾರುಬಾಗಿಲು, ಮೆಟ್ಟಿಲು ತಗ್ಗು. ಮಗನ ಸೀಟನ್ನು ಮಧ್ಯದ ಸಾಲಿನ ಬಲಗಡೆ ಕಟ್ಟಿಸಿ, ರಸ್ತೆಯಂಚಿನ ಎಡಗಡೆಯನ್ನು ಓಡಾಡಲು ಬಿಟ್ಟೆವು. ಅಮ್ಮ ಎಡಗಡೆಯಿಂದ ಹತ್ತಿ ಮೊಮ್ಮಗನ ಪಕ್ಕ ಕೂರುತ್ತಿದ್ದಳು. ಹೆಂಡತಿ ಮತ್ತು ಮಗಳು ಹಿಂದೆ, ಅಪ್ಪ ಮುಂದೆ ನನ್ನ ಪಕ್ಕ.

ಬುಕ್ ಮಾಡುವಾಗ ಗೊತ್ತಿರಬೇಕಾದ ಇನ್ನೊಂದು ವಿಷಯ ಆ ನಾಲ್ಕು ಅಕ್ಷರ. ಚಿತ್ರದಲ್ಲಿ ತೋರಿಸಿದ ಗಾಡಿಯೇ ಸಿಗುತ್ತದೆ ಅಂತ ಯಾರೂ ಹೇಳುವುದಿಲ್ಲ, "ಅಥವಾ ಅಂಥದ್ದೇ" ಅಂತ ಸಣ್ಣದಾಗಿ ಬರೆದಿರುತ್ತದೆ. ಆದರೆ ಬುಕಿಂಗ್‌ನಲ್ಲಿ ಎಲ್ಲೋ ಒಂದು ಕಡೆ ನಾಲ್ಕು ಇಂಗ್ಲಿಷ್ ಅಕ್ಷರದ ಕೋಡ್ ಇರುತ್ತದೆ, ಪ್ರಪಂಚದ ಬಹುತೇಕ ಬಾಡಿಗೆ ಕಂಪನಿಗಳು ಅದನ್ನೇ ಬಳಸುತ್ತವೆ. ಮೊದಲ ಅಕ್ಷರ ಗಾತ್ರ ಅಥವಾ ದರ್ಜೆ. ಎರಡನೆಯದು ಗಾಡಿಯ ಬಗೆ: ಡಬ್ಲ್ಯು ಅಂದರೆ ಹಿಂಭಾಗ ಉದ್ದವಿರುವ ವ್ಯಾಗನ್, ಎಫ್ ಅಂದರೆ ಎಸ್‌ಯುವಿ, ವಿ ಅಂದರೆ ಜನ ಕೂರುವ ವ್ಯಾನ್. ಮೂರನೆಯದು ಗೇರು: ಎಂ ಇದ್ದರೆ ಮ್ಯಾನುಯಲ್, ಎ ಇದ್ದರೆ ಆಟೊಮ್ಯಾಟಿಕ್. ನಾಲ್ಕನೆಯದು ಇಂಧನ ಮತ್ತು ಎಸಿ. ನನ್ನ ಮೊದಲ ಬುಕಿಂಗ್ ಎಫ್‌ಎಫ್‌ಎಆರ್ ಆಗಿತ್ತು, ಎರಡನೆಯದು ಎಫ್‌ವಿಎಆರ್. ಬದಲಾದದ್ದು ಒಂದೇ ಅಕ್ಷರ, ಆದರೆ ನಮಗೆ ಬೇಕಾದದ್ದೆಲ್ಲ ಅದರಲ್ಲೇ ಇತ್ತು.

ಮೂರನೇ ಅಕ್ಷರದಲ್ಲಿ ಇನ್ನೂ ಒಂದು ಮಾಹಿತಿ ಇದೆ. ಎ ಇದ್ದರೆ ಎಷ್ಟು ಚಕ್ರಕ್ಕೆ ಎಂಜಿನ್ ಬಲ ಹೋಗುತ್ತದೆ ಅನ್ನುವ ಖಾತ್ರಿ ಇಲ್ಲ. ಬಿ ಅಥವಾ ಡಿ ಇದ್ದರೆ ಮಾತ್ರ ನಾಲ್ಕೂ ಚಕ್ರ. ಅಂದರೆ ನೋಡಲು ಎಸ್‌ಯುವಿ ಆದ ಮಾತ್ರಕ್ಕೆ ಅದು ಫೋರ್ ವೀಲ್ ಡ್ರೈವ್ ಅಲ್ಲ. ನಾವು ಹೋದ ದಾರಿಯೆಲ್ಲ ಟಾರು ರಸ್ತೆ, ಬೇಸಿಗೆ, ಎರಡು ಚಕ್ರದ್ದೇ ಸಾಕಾಯಿತು. ಚಳಿಗಾಲದ ಮಾತು ಬೇರೆ, ಮೇ ತಿಂಗಳಿಂದ ನವೆಂಬರ್ ತನಕ ಮಿಲ್ಫರ್ಡ್ ರಸ್ತೆಗೆ ಹೋಗುವವರು ಚಕ್ರಕ್ಕೆ ಕಟ್ಟುವ ಸರಪಳಿಯನ್ನು ಜೊತೆಗಿಟ್ಟುಕೊಳ್ಳಬೇಕಾಗುತ್ತದೆ.

ನಮಗೆ ಸಿಕ್ಕಿದ್ದು ಡೀಸೆಲ್ ವ್ಯಾನ್. ಇಲ್ಲೊಂದು ಖರ್ಚು ಇದೆ, ಮೊದಲೇ ಗೊತ್ತಿದ್ದರೆ ಒಳ್ಳೆಯದು. ನ್ಯೂಜಿಲೆಂಡ್‌ನಲ್ಲಿ ಪೆಟ್ರೋಲಿನ ರಸ್ತೆ ತೆರಿಗೆ ಪಂಪ್‌ನ ದರದಲ್ಲೇ ಸೇರಿರುತ್ತದೆ. ಡೀಸೆಲ್‌ಗೆ ಹಾಗಲ್ಲ, ಅದಕ್ಕೇ ಪಂಪ್‌ನಲ್ಲಿ ಡೀಸೆಲ್ ಅಗ್ಗವಾಗಿ ಕಾಣುತ್ತದೆ. ಡೀಸೆಲ್ ಗಾಡಿಯವರು ಓಡಿದ ಕಿಲೋಮೀಟರ್ ಲೆಕ್ಕದಲ್ಲಿ ಸರ್ಕಾರಕ್ಕೆ ಬೇರೆ ಶುಲ್ಕ ಕಟ್ಟುತ್ತಾರೆ. ಸಾಮಾನ್ಯ ಡೀಸೆಲ್ ಕಾರು, ವ್ಯಾನ್‌ಗಳಿಗೆ ನಾನು ಲೆಕ್ಕ ಹಾಕಿದಾಗ ಅದು 1,000 ಕಿ.ಮೀ.ಗೆ 76 ನ್ಯೂಜಿಲೆಂಡ್ ಡಾಲರ್ ಇತ್ತು. 2024ರ ಏಪ್ರಿಲ್ 1ರಿಂದ ವಿದ್ಯುತ್ ಕಾರುಗಳಿಗೂ ಈ ಶುಲ್ಕ ಬಂದಿದೆ. ಕೆಲವು ಕಂಪನಿಗಳು ಇದನ್ನು ಬಾಡಿಗೆಯಲ್ಲೇ ಸೇರಿಸುತ್ತವೆ, ಕೆಲವು ಗಾಡಿ ವಾಪಸ್ ಕೊಡುವಾಗ ತಮ್ಮದೇ ದರದಲ್ಲಿ ಬಿಲ್ ಮಾಡುತ್ತವೆ. ನಮ್ಮ 2,000 ಕಿ.ಮೀ.ಗೆ ಸರ್ಕಾರಿ ದರದಲ್ಲೇ 152 ಡಾಲರ್ ಆಗುತ್ತಿತ್ತು. ಎರಡು ಕಂಪನಿಗಳ ಬಾಡಿಗೆ ಹೋಲಿಸುವಾಗ ನಾನು ಇದನ್ನು ಸೇರಿಸಿಯೇ ಹೋಲಿಸಿದೆ, ಆಗ ಅಗ್ಗ ಅನಿಸಿದ್ದು ಅಗ್ಗವಾಗಿ ಉಳಿಯಲಿಲ್ಲ.

ಕರಾರು ಪತ್ರವನ್ನು ಮನೆಯಲ್ಲೇ ಕೂತು ಓದಿದೆ. ಪೂರ್ತಿ ಓದಿ, ಬೇಸರ ಮಾಡ್ಕೋಬೇಡಿ. ಹಾನಿಯಾದರೆ ನಾವು ಕಟ್ಟಬೇಕಾದ ಮೊತ್ತ ಎಷ್ಟು, ಅದನ್ನು ಸೊನ್ನೆ ಮಾಡಿಸಲು ದಿನಕ್ಕೆ ಎಷ್ಟು, ಹಾಗೆ ಮಾಡಿಸಿದರೆ ಗಾಜು ಮತ್ತು ಟೈರು ಅದರಲ್ಲಿ ಬರುತ್ತದೋ ಇಲ್ಲವೋ, ಈ ಮೂರನ್ನು ಹುಡುಕಿ. ಗಾಡಿಯ ತಳಭಾಗ, ಚಾವಣಿ, ನೀರಿನಿಂದ ಆದ ಹಾನಿ ಬಹಳ ಕಡೆ ಸೇರಿರುವುದಿಲ್ಲ. ಹೋಗಬಾರದ ರಸ್ತೆಗಳ ಪಟ್ಟಿಯೂ ಇರುತ್ತದೆ. ಕ್ವೀನ್ಸ್‌ಟೌನ್ ಹತ್ತಿರದ ಸ್ಕಿಪ್ಪರ್ಸ್ ಕಣಿವೆ ರಸ್ತೆ, ಮೌಂಟ್ ಕುಕ್ ಕಡೆಯ ಬಾಲ್ ಹಟ್ ರಸ್ತೆ, ಉತ್ತರ ದ್ವೀಪದ ನೈಂಟಿ ಮೈಲ್ ಬೀಚ್ ಅದರಲ್ಲಿ ಸಾಮಾನ್ಯವಾಗಿ ಕಾಣುವ ಹೆಸರುಗಳು. ಅಲ್ಲಿ ಏನಾದರೂ ಆದರೆ ವಿಮೆ ನಮ್ಮ ಕೈ ಹಿಡಿಯುವುದಿಲ್ಲ.

ನಾನು ಗಾಜು, ಟೈರು ಸೇರಿದ ಪೂರ್ತಿ ವಿಮೆಯನ್ನೇ ತೆಗೆದುಕೊಂಡೆ. ಅದು ಎರಡನೇ ದಿನವೇ ಉಪಯೋಗಕ್ಕೆ ಬಂತು. ಅಲ್ಲಿ ಬೇಸಿಗೆಯಲ್ಲಿ ರಸ್ತೆಗೆ ಹೊಸ ಟಾರು ಬಳಿದು ಮೇಲೆ ಸಣ್ಣ ಜಲ್ಲಿ ಹರಡುತ್ತಾರೆ, ಅದು ಗಟ್ಟಿಯಾಗಿ ಕೂರುವ ತನಕ ವೇಗ ಇಳಿಸಿ ಅಂತ ಫಲಕ ಇಟ್ಟಿರುತ್ತಾರೆ. ನಾನು ಇಳಿಸಿದ್ದೆ. ಎದುರಿನಿಂದ ಬಂದ ಲಾರಿ ಇಳಿಸಿರಲಿಲ್ಲ. ಟಪ್ ಅಂತ ಒಂದು ಸದ್ದು, ಮುಂದಿನ ಗಾಜಿನ ಎಡಮೂಲೆಯಲ್ಲಿ ಕಡಲೆಕಾಳಿನಷ್ಟು ಗುರುತು, ಅದರಿಂದ ಕೂದಲೆಳೆಯಷ್ಟು ಒಂದು ಬಿರುಕು. ಅಪ್ಪ ಬೆರಳಿಟ್ಟು ನೋಡಿದರು. ಕಂಪನಿಗೆ ಆಗಲೇ ಫೋನ್ ಮಾಡಿ ಫೋಟೋ ಕಳಿಸಿದೆ. ಕೊನೆಗೆ ಒಂದು ಡಾಲರೂ ಕಟ್ಟಬೇಕಾಗಲಿಲ್ಲ.

ಗಾಡಿ ಕೈಗೆ ಬಂದ ದಿನ ಒಂದು ಗಂಟೆ ಹಿಡಿಯಿತು. ಕೌಂಟರ್‌ನಲ್ಲಿ ಮಗನಿಗೆ ಕೊಟ್ಟ ಸೀಟು ತೀರಾ ಚಿಕ್ಕ ಮಕ್ಕಳದ್ದು, ನಾನು ಬುಕಿಂಗ್‌ನಲ್ಲಿ ವಯಸ್ಸು, ತೂಕ ಎರಡೂ ಬರೆದಿದ್ದೆ, ಆದರೂ ಹೀಗಾಯಿತು. "ಇದರಲ್ಲೇ ಹೊಂದಿಸಿಕೊಳ್ಳಿ" ಅಂದರು. ಆಗುವುದಿಲ್ಲ ಅಂದೆ. ನಲವತ್ತು ನಿಮಿಷ ಕಾದ ಮೇಲೆ ಸರಿಯಾದದ್ದು ಬಂತು. ವಿಮಾನ ಇಳಿದು ಎಲ್ಲರೂ ಸುಸ್ತಾಗಿದ್ದರು, ಮಗ ಅಳುತ್ತಿದ್ದ, ಹೋಗಲಿ ಬಿಡು ಅಂತ ಅಪ್ಪನೂ ಅಂದರು, ಆದರೆ ಇದರಲ್ಲಿ ಬಿಟ್ಟುಕೊಡಬಾರದು ಅಂತ ನನಗೆ ಗಟ್ಟಿಯಾಗಿ ಅನಿಸಿತ್ತು. ಕಾಯುವ ಹೊತ್ತಿನಲ್ಲಿ ಗಾಡಿಯ ಸುತ್ತ ವಿಡಿಯೋ ಮಾಡಿಕೊಂಡೆ. ಗೀರು, ಚಕ್ರದ ಅಂಚು, ಚಾವಣಿ, ಇಂಧನದ ಮುಳ್ಳು, ಕಿಲೋಮೀಟರ್ ಅಂಕಿ ಎಲ್ಲ ಬಂತು. ಸ್ಟೆಪ್ನಿ ಇದೆಯೋ ಇಲ್ಲವೋ ನೋಡಿದೆ. ಈಗ ಎಷ್ಟೋ ಗಾಡಿಗಳಲ್ಲಿ ಸ್ಟೆಪ್ನಿ ಬದಲು ಬರೀ ಗಾಳಿ ತುಂಬುವ ಕಿಟ್ ಕೊಡುತ್ತಾರೆ, ನಮ್ಮದರಲ್ಲಿ ಪೂರ್ತಿ ಗಾತ್ರದ ಚಕ್ರವೇ ಇತ್ತು.

ಆಮೇಲೆ ಎಲ್ಲ ಸಾಮಾನೂ ತುಂಬಿ ಹಿಂದಿನ ಬಾಗಿಲು ಮುಚ್ಚಿ ನೋಡಿದೆವು. ಮುಚ್ಚಿತು. ಹಿಂದಿನ ಗಾಜಿನಿಂದ ರಸ್ತೆಯೂ ಕಾಣುತ್ತಿತ್ತು. ಅಷ್ಟು ಖುಷಿಯಾಯಿತು ನನಗೆ!

ಓಡಿಸಲು ಹೆದರುವಂಥದ್ದು ಏನಿಲ್ಲ. ಅಲ್ಲೂ ಎಡಬದಿಯಲ್ಲೇ ಓಡಿಸುವುದು, ಹೆದ್ದಾರಿಯಲ್ಲಿ ಸಾಮಾನ್ಯವಾಗಿ ಹೆಚ್ಚೆಂದರೆ ಗಂಟೆಗೆ 100 ಕಿ.ಮೀ. ವೇಗ, ಒಂದೇ ಗಾಡಿ ಹೋಗುವಷ್ಟು ಅಗಲದ ಸೇತುವೆಗಳಲ್ಲಿ ಯಾರು ಮೊದಲು ಅಂತ ಫಲಕವೇ ಹೇಳುತ್ತದೆ. ದೊಡ್ಡ ಗಾಡಿ ಅಂತ ಸ್ವಲ್ಪ ಅಳುಕಾಗಿದ್ದು ಮಿಲ್ಫರ್ಡ್ ದಾರಿಯಲ್ಲಿ ಮಾತ್ರ. ಟೆ ಆನೌದಿಂದ ಸುಮಾರು 120 ಕಿ.ಮೀ., ಮಧ್ಯದಲ್ಲಿ ಎಲ್ಲೂ ಪಂಪ್ ಇಲ್ಲ, ಅದಕ್ಕೆ ಟೆ ಆನೌದಲ್ಲೇ ಟ್ಯಾಂಕ್ ತುಂಬಿಸಿದ್ದೆ. ಹೋಮರ್ ಸುರಂಗ 1.2 ಕಿ.ಮೀ. ಉದ್ದ, ಮಿಲ್ಫರ್ಡ್ ಕಡೆಗೆ ಒಂದೇ ಸಮನೆ ಇಳಿಜಾರು. ಆರು ಜನ, ಅಷ್ಟೊಂದು ಸಾಮಾನು ಇರುವ ಗಾಡಿಯನ್ನು ಬರೀ ಬ್ರೇಕ್ ಮೇಲೆ ಇಳಿಸಬಾರದು, ಗೇರನ್ನು ಕೈಯಿಂದಲೇ ಕೆಳಗಿಟ್ಟು ಇಳಿಸಿದೆ. ಸುರಂಗದ ಮುಂಚೆ ಸಿಗ್ನಲ್‌ಗೆ ಕಾಯುವಾಗ ಕಿಯಾ ಅಲ್ಲ, ಕೇಯಾ ಅನ್ನುವ ಹಸಿರು ಬೆಟ್ಟದ ಗಿಳಿ ಬಂದು ಬಾನೆಟ್ ಮೇಲೆ ಕೂತು ವೈಪರ್‌ನ ರಬ್ಬರ್ ಎಳೆಯಲು ಶುರು ಮಾಡಿತು. ಮಕ್ಕಳಿಗೆ ಪ್ರವಾಸದ ಅತಿ ದೊಡ್ಡ ಸಂಭ್ರಮ ಅದೇ. ನಾನು ಮೆಲ್ಲಗೆ ವೈಪರ್ ಒಂದು ಸಲ ಆಡಿಸಿದೆ, ಅದು ಹಾರಿ ಹಿಂದಿನ ಕಾರಿನ ಮೇಲೆ ಕೂತಿತು.

ವಾಪಸ್ ಕೊಡುವ ದಿನ ವಿಮಾನ ನಿಲ್ದಾಣದ ಹತ್ತಿರವೇ ಡೀಸೆಲ್ ತುಂಬಿಸಿ, ರಸೀದಿ ಮತ್ತು ಮುಳ್ಳಿನ ಫೋಟೋ ತೆಗೆದುಕೊಂಡೆ. ಮೀಟರ್‌ನಲ್ಲಿ ನಾವು ಓಡಿಸಿದ್ದು 2,046 ಕಿ.ಮೀ. ಕಾರ್ಡ್‌ನಲ್ಲಿ ತಡೆಹಿಡಿದಿದ್ದ ಠೇವಣಿ ಎಂಟು ದಿನಕ್ಕೆ ಬಿಡುಗಡೆಯಾಯಿತು. ಬೀಗದ ಕೈ ಕೊಟ್ಟು ಬರುವಾಗ ಅಮ್ಮ ಜಾರುಬಾಗಿಲನ್ನು ತಾನೇ ಮುಚ್ಚಿ, "ಇದರಲ್ಲಿ ಇನ್ನೂ ನಾಲ್ಕು ದಿನ ಕೂತ್ಕೋಬಹುದಿತ್ತು ಕಣೋ" ಅಂದಳು.