ರಾಜೀನಾಮೆ ಪತ್ರದ ಹಿಂದಿದ್ದ ಶಾಲೆಯ ಫೀಸು

ಮಂಡ್ಯ ಜಿಲ್ಲೆಯ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಎಚ್‌ಆರ್ ಕೆಲಸ ಮಾಡಿದವರಿಗೆ ಮೇ ತಿಂಗಳ ಕಷ್ಟವನ್ನು ವಿವರಿಸಬೇಕಾಗಿಲ್ಲ. ನಮ್ಮ ಘಟಕದಲ್ಲಿ ಆರುನೂರು ಚಿಲ್ಲರೆ ಜನ. ತಿಂಗಳಿಗೆ ಐವತ್ತರ ಆಸುಪಾಸು ಜನ ಕೆಲಸ ಬಿಡುತ್ತಿದ್ದರು, ಮೇ ಮತ್ತು ಜೂನ್‌ನಲ್ಲಿ ಅದು ಎಂಬತ್ತನ್ನು ದಾಟುತ್ತಿತ್ತು. ಈಗ ಇಪ್ಪತ್ತಕ್ಕೆ ಇಳಿದಿದೆ. ಇದನ್ನು ಹೇಗೆ ಮಾಡಿದಿರಿ ಎಂದು ಫೋನ್ ಮಾಡುವವರಲ್ಲಿ ನನ್ನ ಸಾಲದ ಯೋಜನೆಗೆ ಆಗ ನಕ್ಕವರೂ ಇದ್ದಾರೆ, ಅವರಿಗಾಗಿಯೇ ಬರೆಯುತ್ತಿದ್ದೇನೆ.

ಮೊದಲು ಹಣ ಹೋದ ಕಥೆ. ಹೊಸಬರನ್ನು ಕರೆತಂದು ಮೂರು ತಿಂಗಳು ಉಳಿಸಿಕೊಂಡವರಿಗೆ ಎರಡು ಸಾವಿರ ಎಂದು ಆಡಳಿತದವರು ಘೋಷಿಸಿದರು. ಮೂರು ತಿಂಗಳು ತುಂಬಿದ ವಾರವೇ ಕರೆತಂದವರೂ ಬಂದವರೂ ಒಟ್ಟಿಗೆ ಪಕ್ಕದ ಕಾರ್ಖಾನೆಗೆ ಹೊರಟರು. ಸುಮಾರು ಎರಡೂವರೆ ಲಕ್ಷ ನೀರುಪಾಲಾಯಿತು. ಹಾಜರಾತಿ ಬೋನಸ್ ಇನ್ನೊಂದು. ಒಂದು ದಿನ ತಪ್ಪಿದರೂ ಪೂರ್ತಿ ಕಡಿತ ಎಂಬ ನಿಯಮವಿದ್ದುದರಿಂದ, ಒಂದು ದಿನ ತಪ್ಪಿದವರು ಹೇಗೂ ಹೋಯಿತಲ್ಲ ಎಂದು ಮತ್ತೆ ಎರಡು ದಿನ ಬರುತ್ತಿರಲಿಲ್ಲ. ಬೆಂಗಳೂರಿನಿಂದ ಬಂದ ಸಲಹೆಗಾರರೊಬ್ಬರು ಸೂಪರ್‌ವೈಸರ್‌ಗಳು ಬೈಯಬಾರದು ಎಂದು ವರದಿ ಕೊಟ್ಟರು. ಮಾತು ನಿಜ, ಆದರೆ ಅದನ್ನು ತಿಳಿಯಲು ಅಷ್ಟು ಫೀಸು ಕೊಡಬೇಕಾಗಿರಲಿಲ್ಲ.

ನಾನು ಹಳೆಯ ರಾಜೀನಾಮೆ ಕಡತಗಳನ್ನು ಪಿಎಫ್ ಅರ್ಜಿಗಳ ಜೊತೆ ಇಟ್ಟುಕೊಂಡು ಕುಳಿತೆ. ಬಿಟ್ಟವರಲ್ಲಿ ಬಹುಪಾಲು ಜನ ಎರಡು ತಿಂಗಳು ಕಳೆಯುತ್ತಿದ್ದಂತೆ, ಕೆಲಸ ಬಿಟ್ಟವರು ಪಿಎಫ್ ಪೂರ್ತಿ ಹಿಂಪಡೆಯುವ ಫಾರಂ 19 ಹಾಕಿ ಹಣ ತೆಗೆದಿದ್ದರು. ಮದುವೆಗಾಗಿ ಕೆಲಸ ಬಿಡುವ ಹೆಣ್ಣುಮಕ್ಕಳಿಗೆ ಆ ಎರಡು ತಿಂಗಳ ಕಾಯುವಿಕೆ ಇರಲಿಲ್ಲ. ಹಾಗಾಗಿ ಕಾರಣದ ಜಾಗದಲ್ಲಿ ‘ಮದುವೆ’ ಎಂದು ಬರೆದವರಲ್ಲಿ ಎರಡು ಮಕ್ಕಳ ತಾಯಂದಿರೂ ಸಿಕ್ಕರು! ಕೆಲವರು ಹಣ ಪಡೆದು ಮತ್ತೆ ನಮ್ಮಲ್ಲಿಗೇ ಸೇರಿದ್ದರು. ಶಾಲೆ ತೆರೆಯುವ ಹೊತ್ತಿಗೆ ಫೀಸು ಹೊಂದಿಸಲು ಅವರಿಗಿದ್ದ ದಾರಿ ಕೆಲಸ ಬಿಡುವುದೊಂದೇ. 2016ರ ಫೆಬ್ರವರಿಯಲ್ಲಿ ಪಿಎಫ್ ಹಿಂಪಡೆಯುವ ನಿಯಮವನ್ನು ಕೇಂದ್ರ ಬಿಗಿ ಮಾಡಿದ್ದಕ್ಕೆ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ಇದೇ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಬೀದಿಗಿಳಿದಿದ್ದರು, ಸರ್ಕಾರ ಆ ನಿಯಮವನ್ನು ವಾಪಸ್ ಪಡೆಯಿತು. ಅದನ್ನು ಟಿವಿಯಲ್ಲಿ ನೋಡಿದ ನಾವೆಲ್ಲ ಹೊಲಿಗೆ ಲೈನಿಗೆ ಬಂದು ಸಂಬಳ ಸಾಲದೆ ಬಿಡುತ್ತಾರೆ ಎಂದೇ ಹೇಳುತ್ತಿದ್ದೆವು.

ಬಡ್ಡಿಯಿಲ್ಲದ ಹತ್ತು ಸಾವಿರ ಸಾಲ, ಹತ್ತು ಕಂತು, ಸಂಬಳದಲ್ಲಿ ಕಡಿತ: ನನ್ನ ಪ್ರಸ್ತಾವ ಇಷ್ಟೇ. “ಹಣ ಎತ್ತಿಕೊಂಡು ಓಡಿಹೋಗುತ್ತಾರೆ ಸಾರ್” ಎಂದರು ಲೆಕ್ಕ ವಿಭಾಗದವರು. “ಎಚ್‌ಆರ್ ಈಗ ಫೈನಾನ್ಸ್ ಕಂಪನಿಯೋ?” ಎಂದು ಪ್ರೊಡಕ್ಷನ್ ಮ್ಯಾನೇಜರ್ ಸಭೆಯಲ್ಲೇ ನಗಿಸಿದರು. ಸಾಲದ ನಿಧಿಗೆ ಹಣ ಸಿಕ್ಕಿದ್ದು ಕೆಲಸದವರನ್ನು ಕರೆತರುವ ವ್ಯಾನ್‌ಗಳಿಂದ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆದ್ದಾರಿ ಬದಿಯ ಊರಿನವರು ಸರ್ಕಾರಿ ಬಸ್ಸಿಗೆ ಹತ್ತತೊಡಗಿದರು, ವ್ಯಾನ್‌ಗಳು ಅರ್ಧ ಖಾಲಿ ಓಡುತ್ತಿದ್ದವು. ಮೂರು ವ್ಯಾನ್ ನಿಲ್ಲಿಸಿ, ಉಳಿದವನ್ನು ಬಸ್ಸಿಲ್ಲದ ಒಳ ಊರುಗಳಿಗೆ ತಿರುಗಿಸಿದೆ. ತಿಂಗಳಿಗೆ ತೊಂಬತ್ತು ಸಾವಿರದಷ್ಟು ಉಳಿಯಿತು.

ಮೊದಲ ವರ್ಷ ನೂರ ಮೂವತ್ತು ಜನರಿರಬಹುದು, ಸಾಲ ಪಡೆದರು. ಮುಳುಗಿದ್ದು ಮೂವತ್ತು ಸಾವಿರದ ಒಳಗೆ, ಅದೂ ಹೆಚ್ಚಾಗಿ ಇಸ್ತ್ರಿ ವಿಭಾಗದ ಗಂಡಸರಿಂದ. ಹೊಸ ಆಪರೇಟರ್ ಟಾರ್ಗೆಟ್ ಮುಟ್ಟಲು ಎರಡು ತಿಂಗಳು ಬೇಕು. ಆ ಅವಧಿಯ ಸಂಬಳ ಮತ್ತು ಕೆಟ್ಟ ಪೀಸುಗಳನ್ನು ಸೇರಿಸಿದರೆ ತಲೆಗೆ ಹದಿನೈದು ಸಾವಿರವಾದರೂ ಆಗುತ್ತದೆ. ಲೆಕ್ಕ ವಿಭಾಗದವರು ಈ ಗುಣಾಕಾರವನ್ನು ತಾವೇ ಮಾಡಿದ ಮೇಲೆ ಸುಮ್ಮನಾದರು. ಸಾಲ ಪಡೆದ ಒಬ್ಬೊಬ್ಬರಿಗೆ ಅದೇ ಲೈನಿನ ಇಬ್ಬರು ಜಾಮೀನು. ಆ ಇಬ್ಬರನ್ನು ಹೇಗೆ ಆರಿಸುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಪಕ್ಕದ ಕಾರ್ಖಾನೆಯವರೂ ಓದುತ್ತಾರೆ.

ಕಡಿತಕ್ಕೆ ಕಾನೂನು ಸಂಬಳದ ಅರ್ಧದವರೆಗೂ ಬಿಡುತ್ತದೆ, ಅಲ್ಲಿಯವರೆಗೆ ಹೋಗಲೇಬೇಡಿ. ಊರಿನಲ್ಲಿ ಮೈಕ್ರೋಫೈನಾನ್ಸ್ ಕಂತು ಬೇರೆ ಕಾದಿರುತ್ತದೆ. ವಸೂಲಿಯ ಕಿರುಕುಳ ತಡೆಯಲು ಬಂದ 2025ರ ಫೆಬ್ರವರಿಯ ಸುಗ್ರೀವಾಜ್ಞೆಗೆ ಮೊದಲು ವಸೂಲಿಯ ದಿನ ಕೆಲವು ಊರುಗಳಿಂದ ಅರ್ಧ ಲೈನೇ ಬರುತ್ತಿರಲಿಲ್ಲ.

ಐದು ವರ್ಷ ತುಂಬಿಸಿ ಬಿಡುವವರಿಗೆ ಸಿಗುವ ಗ್ರಾಚ್ಯುಟಿ ಹಣದ್ದು ಸಣ್ಣ ಕೆಲಸ, ದೊಡ್ಡ ಫಲ. ನಾಲ್ಕು ವರ್ಷ ಚಿಲ್ಲರೆ ಮುಗಿಸಿ ಬಿಡುವವರು ಬಹಳ. ಐದು ವರ್ಷ ತುಂಬುವ ತಾರೀಖನ್ನು ಗುರುತಿನ ಚೀಟಿಯ ಹಿಂದೆ ಅಂಟಿಸಿದೆವು. ವರ್ಷಕ್ಕೆ ಹದಿನೈದು ದಿನದ ಸಂಬಳ ಎಂದು ಬಾಯಲ್ಲಿ ಹೇಳಿದಾಗ ಯಾರೂ ಕಿವಿಗೊಟ್ಟಿರಲಿಲ್ಲ. ಚೀಟಿ ಬಂದ ಮೇಲೆ “ಸಾರ್, ನನ್ನ ತಾರೀಖು ತಪ್ಪಾಗಿದೆ” ಎಂದು ಜಗಳಕ್ಕೇ ಬರತೊಡಗಿದರು.

ನಡುವೆ ಜಾತ್ರೆಯ ಕ್ಯಾಲೆಂಡರ್ ಮಾಡಿದೆ. ಯಾವ ಊರಿನಲ್ಲಿ ಯಾವಾಗ ಹಬ್ಬ ಎಂದು ಹೋಬಳಿವಾರು ಬರೆದು, ಆ ದಿನಗಳ ಟಾರ್ಗೆಟ್ ಇಳಿಸುವ ಯೋಜನೆ. ಆದರೆ ಊರವರು ಹಬ್ಬದ ದಿನ ಗೊತ್ತುಮಾಡುವುದೇ ಹಿಂದಿನ ವಾರ, ಹಬ್ಬದ ಮಾರನೆಯ ದಿನ ಬಾಡೂಟ ಬೇರೆ. ಅರ್ಧ ಫಲಿಸಿತು, ಇನ್ನೂ ತಿದ್ದುತ್ತಿದ್ದೇನೆ.

ಯಾರಾದರೂ ಮಾಡುವುದಾದರೆ ಸಾಲದ ಅರ್ಜಿಯನ್ನು ಏಪ್ರಿಲ್ ಮೂರನೆಯ ವಾರದಲ್ಲೇ ತೆರೆಯಿರಿ, ಹಣ ಮೇ ಹತ್ತರೊಳಗೆ ಕೈಗೆ ಸಿಗಬೇಕು. ಒಂದು ವರ್ಷ ಮುಖ್ಯ ಕಚೇರಿಯ ಸಹಿ ತಡವಾಗಿ ಹಣ ಜೂನ್‌ಗೆ ಬಂತು. ಅಷ್ಟರಲ್ಲಿ ನಲವತ್ತು ಜನ ಪಿಎಫ್ ಅರ್ಜಿಯ ದಾರಿ ಹಿಡಿದಾಗಿತ್ತು.